ಬಕೆಟ್ಟಿನಲ್ಲಿ ನಲವತ್ಮೂರು ಮೀಟರ್ ಆಳ

ಸೋರಿಕೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಹುಟ್ಟಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಾಲವೊಂದಿತ್ತು. ಆ ಕಾಲ ಕಳೆದ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮುಗಿಯಿತು. ನಾನು ನೀರು ಸರಬರಾಜು ಇಲಾಖೆಯ ಸೋರಿಕೆ ದೂರು ವಿಭಾಗದಲ್ಲಿ ಗುಮಾಸ್ತ. ಬೀದಿ ನಲ್ಲಿ ತೊಟ್ಟಿಕ್ಕಲಿ, ದೊಡ್ಡ ಪೈಪೇ ಒಡೆದು ರಸ್ತೆ ಹೊಳೆಯಾಗಲಿ, ನನ್ನ ಸಹಿ ಬೀಳದೆ ಅದನ್ನು ಸೋರಿಕೆ ಎಂದು ಒಪ್ಪುವ ಹಾಗಿಲ್ಲ! ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಸ್ಪ್ಯಾನರ್ ಹಿಡಿದಿಲ್ಲ ಎಂಬುದು ಬೇರೆ ಮಾತು. ಸಾವಿರಾರು ಸೋರಿಕೆಗಳ ವರದಿ ಓದಿ ಅರಗಿಸಿಕೊಂಡವನಿಗೆ ಸ್ಪ್ಯಾನರ್ ಯಾಕೆ ಬೇಕು ಹೇಳಿ.

ನನ್ನ ಹೆಂಡತಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಎರಡು ವರ್ಷಗಳಿಂದ ಅವಳಿಗೆ ಕೊಳ ಸಾಲದೆ ಸಮುದ್ರವೇ ಬೇಕಾಗಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಡೈವಿಂಗ್ ಕಲಿತು, ಈಗ ಬೇರೆಯವರನ್ನೂ ಕರೆದೊಯ್ಯುವ ಗೈಡ್ ಆಗಲು ಹೊರಟಿದ್ದಳು. ಅದಕ್ಕೊಂದು ಪರೀಕ್ಷೆ, ವರ್ಷಕ್ಕೆ ಒಂದೇ ಸಲ, ಈ ಸಲ ಭಾನುವಾರ ಬೆಳಿಗ್ಗೆ ಎಂಟಕ್ಕೆ. ಹೋದ ವರ್ಷ ಸರಿಯಾಗಿ ಅದೇ ದಿನ ಜ್ವರ ಬಂದು ಪರೀಕ್ಷೆ ತಪ್ಪಿಹೋಯಿತು. ಅವತ್ತು ಅವಳು ಮುಸುಕೆಳೆದುಕೊಂಡು ಅತ್ತದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಈ ಪರೀಕ್ಷೆಗೆ ಮಣಿಕಟ್ಟಿನ ಮೇಲೆ ಡೈವ್ ಕಂಪ್ಯೂಟರ್ ಇರಲೇಬೇಕು. ನೋಡಲು ದಪ್ಪನೆಯ ಗಡಿಯಾರದ ಹಾಗಿರುತ್ತದೆ. ಎಷ್ಟು ಆಳದಲ್ಲಿದ್ದೀರಿ, ಎಷ್ಟು ಹೊತ್ತಾಯಿತು, ಮೇಲೆ ಬರುವಾಗ ಎಲ್ಲೆಲ್ಲಿ ಎಷ್ಟು ನಿಮಿಷ ನಿಂತು ಬರಬೇಕು ಎಂದೆಲ್ಲ ಲೆಕ್ಕ ಹಾಕಿ ಹೇಳುತ್ತದೆ. ಅದಿಲ್ಲದವರನ್ನು ಪರೀಕ್ಷಕಿ ನೀರಿಗೇ ಇಳಿಸುವುದಿಲ್ಲ. ಶನಿವಾರ ಬೆಳಿಗ್ಗೆ ನೋಡಿದರೆ ಅದರ ಬ್ಯಾಟರಿ ಸತ್ತಿತ್ತು.

“ಬ್ಯಾಟರಿ ತಾನೆ, ನಾನು ಹಾಕಿಡ್ತೀನಿ ಬಿಡು” ಎಂದೆ.

“ಬೇಡ. ಮಧ್ಯಾಹ್ನ ಕ್ಲಾಸ್ ಮುಗಿಸಿ ಬಂದು ರಿಪೇರಿಯವರ ಹತ್ರ ತಗೊಂಡು ಹೋಗ್ತೀನಿ. ಅರ್ಧ ಗಂಟೆ ಕೆಲಸ. ನೀವು ಮುಟ್ಟಬೇಡಿ.”

“ಇಡೀ ಊರಿನ ಸೋರಿಕೆ ನೋಡ್ಕೊಳ್ಳೋನು ನಾನು.”

“ನೀವು ನೋಡ್ಕೊಳ್ಳೋದು ಅದರ ಫೈಲು. ಮುಟ್ಟಬೇಡಿ ಅಂದೆ, ಅಷ್ಟೇ.”

ಹೊಸ ಬ್ಯಾಟರಿಯ ಪೊಟ್ಟಣವನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು ಅವಳು ಹೊರಟಳು. ಮುಟ್ಟಬೇಡಿ ಎಂದವರು ಹಾಗೆ ಕಣ್ಣೆದುರಿಗೇ ಇಟ್ಟು ಹೋಗಬಾರದು. ಫೈಲು ಎಂದು ಹೀಯಾಳಿಸಿಯಂತೂ ಹೋಗಲೇಬಾರದು. ಅವಳು ಬರುವಷ್ಟರಲ್ಲಿ ಕೆಲಸ ಮುಗಿಸಿ, ಏನೂ ಆಗಿಯೇ ಇಲ್ಲವೆಂಬಂತೆ ಪೇಪರು ಓದುತ್ತ ಕೂತಿರಬೇಕೆಂದು ನಾನು ಘನಘೋರ ಪ್ರತಿಜ್ಞೆ ಮಾಡಿದೆ.

ಆದರೆ ಪೇಪರು ಆಗಲೇ ಅತ್ತೆಯವರ ಕೈಯಲ್ಲಿತ್ತು. ನಮ್ಮ ಅತ್ತೆ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ದೊಡ್ಡ ದೊಡ್ಡ ಡಾಕ್ಟರುಗಳೇ ಅವರ ಮುಂದೆ ನಡುಗುತ್ತಿದ್ದರಂತೆ. ಇನ್ನು ನಾನು ಯಾವ ಲೆಕ್ಕ!

“ಕೈ ತೊಳ್ಕೊಂಡ್ರಾ?” ಎಂದರು, ಪೇಪರಿನಿಂದ ತಲೆಯೆತ್ತದೆ.

“ಬ್ಯಾಟರಿ ಹಾಕೋದಕ್ಕಾ ಅತ್ತೆ?”

“ಏನನ್ನು ತೆರೆದರೂ ಕೈ ತೊಳ್ಕೊಂಡೇ ತೆರೀಬೇಕು.”

ನಾನು ಮನಸ್ಸಿನಲ್ಲೇ ನಕ್ಕು, ಕೈಯನ್ನು ಲುಂಗಿಗೆ ಒರೆಸಿಕೊಂಡು ಶುರು ಹಚ್ಚಿಕೊಂಡೆ. ಹಿಂಭಾಗದ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿದರೆ ಬಿಚ್ಚಿಕೊಂಡಿತು. ಮುಚ್ಚಳದ ಸುತ್ತ ಬಳೆಯಂಥ ತೆಳ್ಳನೆಯ ರಬ್ಬರ್ ಉಂಗುರ. ನೀರು ಒಳಗೆ ಬರದಂತೆ ತಡೆಯುವ ಮಹಾದ್ವಾರವೆಂದರೆ ಇದೇ. ಪೊಟ್ಟಣದಲ್ಲಿ ಬ್ಯಾಟರಿಯ ಜೊತೆ ಹೊಸ ಉಂಗುರವೊಂದೂ ಇತ್ತು. ಆದರೆ ನಡೆಯುತ್ತಿರುವುದನ್ನು ಬದಲಾಯಿಸಬಾರದು ಎಂಬುದು ನಮ್ಮ ಇಲಾಖೆಯ ಮೂಲಮಂತ್ರ. ಹೊಸದನ್ನು ಜೋಪಾನವಾಗಿ ಅಂಗಿಯ ಜೇಬಿಗೆ ಇಳಿಸಿದೆ. ಉಂಗುರಕ್ಕೆ ಸವರಲೆಂದು ಸಾಸಿವೆಯಷ್ಟು ಗ್ರೀಸನ್ನೂ ಕೊಟ್ಟಿದ್ದರು. ಈ ಜುಗ್ಗತನ ನೋಡಿ ನನಗೆ ಮೈಯೆಲ್ಲ ಉರಿಯಿತು! ಅತ್ತೆಯವರ ಮಂಡಿನೋವಿನ ಮುಲಾಮು ಕೈಗೆಟುಕುವಂತಿತ್ತು. ಎರಡು ಬೆರಳಲ್ಲಿ ಧಾರಾಳವಾಗಿ ಬಳಿದು, ಬ್ಯಾಟರಿ ಕೂರಿಸಿ, ಮುಚ್ಚಳವನ್ನು ಇಕ್ಕಳದಿಂದ ಬಿಗಿದೆ.

ಕೆಲಸ ಮುಗಿದ ಮೇಲೆ ಪರೀಕ್ಷಿಸಿ ನೋಡಬೇಕೆಂದು ಇಲಾಖೆಯ ಇನ್ನೊಂದು ನಿಯಮ ಹೇಳುತ್ತದೆ. ನಾವು ಅದನ್ನು ಯಾವತ್ತೂ ಪಾಲಿಸಿದ್ದಿಲ್ಲ. ಈ ಸಲ ಪಾಲಿಸಿದೆ. ಬಚ್ಚಲುಮನೆಯ ಬಕೆಟ್ಟಿನಲ್ಲಿ ನೀರು ತುಂಬಿ ಕಂಪ್ಯೂಟರನ್ನು ಮುಳುಗಿಸಿ, ಕಾಫಿ ಮಾಡಿಕೊಂಡು ಕುಡಿದು, ಆಫೀಸಿನ ಗೆಳೆಯನಿಗೆ ಫೋನ್ ಮಾಡಿ ಅರ್ಧ ಗಂಟೆ ನನ್ನ ಕೈಚಳಕ ಕೊಚ್ಚಿಕೊಂಡೆ. ಬಚ್ಚಲುಮನೆಯಿಂದ ಕೀಂ ಕೀಂ ಎಂಬ ಸದ್ದು ಬರತೊಡಗಿತು.

ಹೋಗಿ ಬಗ್ಗಿ ನೋಡಿದೆ. ಆಳ ನಲವತ್ಮೂರು ಮೀಟರ್ ಎಂದು ತೋರಿಸುತ್ತಿತ್ತು! ನಮ್ಮ ಬಕೆಟ್ಟಿನ ಆಳ ಹೆಚ್ಚೆಂದರೆ ಎರಡು ಗೇಣು. ಗಾಜಿನ ಒಳಗೆ ಹಬೆ ಕಟ್ಟಿತ್ತು. ನೀರು ನುಗ್ಗಿ ಯಂತ್ರಕ್ಕೆ ತಲೆ ಕೆಟ್ಟಿತ್ತು ಎಂದು ಬೇರೆ ಹೇಳಬೇಕಿಲ್ಲ. ಗಾಬರಿಯಿಂದ ಕೈಹಾಕಿ ಸರಕ್ಕನೆ ಮೇಲೆತ್ತಿದೆ. ಅದು ಇನ್ನೂ ಜೋರಾಗಿ ಕಿರುಚಿಕೊಂಡು, ಆಮೇಲೆ ಒಂದು ಬೀಗದ ಚಿತ್ರ, ಅದರ ಪಕ್ಕ ನಲವತ್ತೆಂಟು ಎಂಬ ಅಂಕಿ ತೋರಿಸಿ ಮುನಿಸಿಕೊಂಡು ಕೂತಿತು. ಬೀಗ ಎಂದರೆ ಈಗ ಭದ್ರವಾಗಿದೆ ಎಂದಿರಬೇಕೆಂದು ನಾನು ಸಮಾಧಾನ ಮಾಡಿಕೊಂಡೆ.

ಒದ್ದೆ ಯಂತ್ರಗಳನ್ನು ಅಕ್ಕಿಯಲ್ಲಿ ಹೂತಿಟ್ಟರೆ ಒಣಗುತ್ತವೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಹೂತಿಟ್ಟೆ. ಹತ್ತು ನಿಮಿಷಕ್ಕೆ ಅಡುಗೆಮನೆಯಿಂದ ದನಿ ಬಂತು.

“ಅಳಿಯಂದ್ರೇ, ಅಕ್ಕಿ ಡಬ್ಬ ಕೂಗ್ತಾ ಇದೆ.”

ಮುಂದಿನದು ವಿಚಾರಣೆ. ಅತ್ತೆ ಕಂಪ್ಯೂಟರನ್ನು ಮೂಗಿನ ಹತ್ತಿರ ಹಿಡಿದು, “ಇದಕ್ಕೆ ಮಂಡಿನೋವಾ?” ಎಂದು ಕೇಳಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಭೂತಗನ್ನಡಿ, ಚಿಮಟ, ಹತ್ತಿ, ಬಿಳಿ ಬಟ್ಟೆ ತಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ನನ್ನ ಕೈಯನ್ನು ಮೊಣಕೈವರೆಗೆ ತೊಳೆಸಿದರು, ತಲೆಗೆ ಸ್ನಾನದ ಟೋಪಿ ಹಾಕಿಸಿದರು. ಮುಚ್ಚಳ ತೆಗೆದರೆ ಹಳೆಯ ಉಂಗುರ ಮುಲಾಮು ಕುಡಿದು ಹಲಸಂದೆ ಕಾಯಿಯಂತೆ ಊದಿಕೊಂಡಿತ್ತು. ಅದರ ಅಡಿಯಿಂದ ಅತ್ತೆ ಚಿಮಟದಲ್ಲಿ ಒಂದು ಬಿಳಿ ಕೂದಲನ್ನು ಎತ್ತಿ ಹಿಡಿದರು.

“ನೀರು ಬಂದಿದ್ದು ಈ ದಾರೀಲಿ. ಯಾರದು ಇದು?”

“ಬೆಳ್ಳಗಿದೆ. ನಿಮ್ಮದೇ ಇರಬೇಕು ಅತ್ತೆ.”

“ನನ್ನ ಕೂದಲು ಮೊಳ ಉದ್ದ ಇದೆ. ಇದು ಮೀಸೇದು.”

ನಾನು ಬಾಯಿ ಮುಚ್ಚಿಕೊಂಡೆ. ತಕ್ಷಣ ಮೀಸೆಯನ್ನೂ ಮುಚ್ಚಬೇಕಾಯಿತು, ಏಕೆಂದರೆ ಅವರು ಮಾಸ್ಕ್ ಕೊಟ್ಟರು. ಒಳಗಿನ ಹನಿಗಳನ್ನು ಹತ್ತಿಯಿಂದ ಒತ್ತಿ ತೆಗೆದು, ಅಂಚನ್ನೆಲ್ಲ ಒರೆಸಿ, ಜೇಬಿನಿಂದ ಹೊಸ ಉಂಗುರ ತೆಗೆಸಿ, ಆ ಸಾಸಿವೆಯಷ್ಟು ಗ್ರೀಸನ್ನೇ ತೆಳ್ಳಗೆ ಸವರಿ ಕೂರಿಸಿದರು. ಇಕ್ಕಳ ಕೊಡಲೇ ಎಂದು ನಾನು ಕೇಳಿದ್ದಕ್ಕೆ ಒಂದು ನೋಟ ನೋಡಿದರು, ಅಷ್ಟೇ. ಮತ್ತೆ ಬಕೆಟ್ಟಿಗೆ ಬಿಟ್ಟರೆ ಒಂದು ಹನಿಯೂ ಒಳಗೆ ಹೋಗಲಿಲ್ಲ! ನಾನು ಕುಣಿಯುವುದೊಂದು ಬಾಕಿ. ಆದರೆ ಬೀಗ ಹಾಗೇ ಇತ್ತು, ಪಕ್ಕದ ಅಂಕಿ ಮಾತ್ರ ನಲವತ್ತೇಳಕ್ಕೆ ಇಳಿದಿತ್ತು.

ಅತ್ತೆ ಕನ್ನಡಕ ಏರಿಸಿ ಕಂಪ್ಯೂಟರಿನ ಪುಸ್ತಿಕೆ ಬಿಡಿಸಿದರು. ಅದರ ಸಾರಾಂಶ ಇಷ್ಟು: ಯಾರೋ ಒಬ್ಬ ಮೂರ್ಖ ನಲವತ್ಮೂರು ಮೀಟರ್ ಆಳದಲ್ಲಿ ಅರ್ಧ ಗಂಟೆ ಕೂತು, ಎಲ್ಲೂ ನಿಲ್ಲದೆ ಒಂದೇ ಏಟಿಗೆ ಮೇಲೆ ಬಂದಿದ್ದಾನೆ. ಅವನ ಪ್ರಾಣಕ್ಕೆ ಅಪಾಯವಿದೆ. ಆದ್ದರಿಂದ ನಲವತ್ತೆಂಟು ಗಂಟೆ ಅವನು ಮತ್ತೆ ಮುಳುಗದಂತೆ ಯಂತ್ರ ತನಗೆ ತಾನೇ ಬೀಗ ಹಾಕಿಕೊಂಡಿದೆ.

“ನಲವತ್ತೆಂಟು ಗಂಟೆ ಅಂದ್ರೆ ಸೋಮವಾರ” ಎಂದರು ಅತ್ತೆ. “ಪರೀಕ್ಷೆ ನಾಳೆ.”

ಮಧ್ಯಾಹ್ನ ಹೆಂಡತಿ ಬಂದಾಗ ನಾನಿನ್ನೂ ಸ್ನಾನದ ಟೋಪಿಯಲ್ಲೇ ಇದ್ದೆ. ಅವಳು ನನ್ನನ್ನು ನೋಡಿದಳು, ಮೇಜನ್ನು ನೋಡಿದಳು, ಬೀಗವನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಕುರ್ಚಿ ಎಳೆದುಕೊಂಡು ಕೂತು ಬ್ಯಾಟರಿಯ ಖಾಲಿ ಪೊಟ್ಟಣವನ್ನು ಮಡಿಸತೊಡಗಿದಳು.

“ಸೋರಿಕೆ ಮಾತ್ರ ಪೂರ್ತಿ ನಿಂತಿದೆ” ಎಂದೆ.

“ಅಮ್ಮಾ, ಇವರನ್ನು ಸ್ವಲ್ಪ ಒಳಗೆ ಕರ್ಕೊಂಡು ಹೋಗು.”

ನಾಚಿಕೆಯಿಂದ ಕುಗ್ಗಿಹೋದೆ. ಅವಳ ಮತ್ತೊಂದು ವರ್ಷ ನನ್ನಿಂದ ಹಾಳಾಗುತ್ತದಲ್ಲ ಎಂದು ನಿಜವಾಗಿಯೂ ಬೇಜಾರಾಯಿತು. ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಅವಳು ಮೊದಲು ರಿಪೇರಿಯವರಿಗೆ ಫೋನ್ ಮಾಡಿದಳು. ಜೀವ ಕಾಯಲು ಹಾಕಿದ ಬೀಗ, ಅದನ್ನು ಮಾಡಿದವರಿಂದಲೂ ತೆಗೆಯಲಾಗದು ಎಂದರು ಅವರು. ಕೊನೆಗೆ ಅವಳು ಪರೀಕ್ಷಕಿಗೇ ಫೋನ್ ಮಾಡಿ, ಸ್ಪೀಕರ್ ಹಾಕಿ, ಇದ್ದದ್ದು ಇದ್ದ ಹಾಗೆ ಹೇಳಿದಳು.

“ನಲವತ್ಮೂರು ಮೀಟರಾ? ಎಲ್ಲಿ ಮುಳುಗಿದ್ರಿ?” ಎಂದಿತು ಆ ಕಡೆಯ ದನಿ.

“ಬಕೆಟ್ಟಲ್ಲಿ ಮೇಡಂ. ನಾನಲ್ಲ, ನಮ್ಮ ಮನೆಯವರು.”

“ಬೇಡ ಅಂದಿದ್ರಾ ಅವರಿಗೆ?”

“ಎರಡು ಸಲ.”

“ಈಜು ಬರುತ್ತಾ ಅವರಿಗೆ?”

“ಒಂಚೂರೂ ಇಲ್ಲ.”

“ತುಂಬಾ ಒಳ್ಳೇದಾಯ್ತು. ನನ್ನ ಹತ್ರ ಇನ್ನೊಂದು ಕಂಪ್ಯೂಟರ್ ಇದೆ, ಕೊಡ್ತೀನಿ. ಆದರೆ ನಾಳೆ ಅವರನ್ನೂ ಕರ್ಕೊಂಡು ಬನ್ನಿ.”

ಸೋರಿಕೆ ನಿಲ್ಲಿಸಿದ ಪ್ರತಿಭೆಯನ್ನು ಕಣ್ಣಾರೆ ನೋಡುವ ಆಸೆ ಇರಬೇಕು ಎಂದುಕೊಂಡು ನಾನು ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಡಲ ತೀರಕ್ಕೆ ಹೋದೆ. ಪರೀಕ್ಷಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಂಗಿಯ ಮೇಲೆಯೇ ಲೈಫ್ ಜಾಕೆಟ್ ಬಿಗಿದು, ದೋಣಿ ಹತ್ತಿಸಿದರು. ನನ್ನ ಹೆಂಡತಿ ನೀರೊಳಗಿನ ಪರೀಕ್ಷೆಯನ್ನೆಲ್ಲ ಸಲೀಸಾಗಿ ಮುಗಿಸಿ ಮೇಲೆ ಬಂದಳು. ಆಗ ಪರೀಕ್ಷಕಿ ಹೇಳಿದರು: “ಕೊನೇದು, ತುಂಬಾ ಕಷ್ಟದ್ದು. ಯಾರ ಮಾತೂ ಕೇಳದೆ, ಎಲ್ಲ ನನಗೇ ಗೊತ್ತು ಅಂತ ಕೈಕಾಲು ಬಡಿಯೋ ಮನುಷ್ಯನನ್ನ ದಡ ಸೇರಿಸಬೇಕು. ಪ್ರತಿ ವರ್ಷ ಇದಕ್ಕೆ ನಟಿಸೋರು ಸಿಗದೆ ಒದ್ದಾಡ್ತೀವಿ.”

ನನಗೆ ಅರ್ಥವಾಗುವಷ್ಟರಲ್ಲಿ ದೋಣಿ ಮೇಲಿತ್ತು, ನಾನು ಕೆಳಗಿದ್ದೆ! ಉಪ್ಪುನೀರು ಬಾಯಿ, ಮೂಗು, ಕಿವಿ ಎಲ್ಲ ಕಡೆಯಿಂದ ಒಳಗೆ ಸೋರತೊಡಗಿತು. ಕೈ ಬಡಿದೆ, ಕಾಲು ಬಡಿದೆ, ಕಾಪಾಡಲು ಬಂದವಳ ಮಾಸ್ಕನ್ನೇ ಕಿತ್ತೆ. ಅಷ್ಟಾದರೂ, “ಆ ಕಡೆಯಿಂದ ಹಿಡೀಬೇಡ, ಈ ಕಡೆಯಿಂದ ಹಿಡಿ” ಎಂದು ಸಲಹೆ ಕೊಡುವುದನ್ನು ಮಾತ್ರ ಬಿಡಲಿಲ್ಲ. ಅವಳು ಹಿಂದಿನಿಂದ ಬಂದು ಜಾಕೆಟ್ಟಿನ ಕೊರಳಪಟ್ಟಿ ಹಿಡಿದು, “ಸುಮ್ನಿರಿ, ಮೇಲೆ ಆಕಾಶ ನೋಡ್ಕೊಂಡಿರಿ” ಎಂದು ಒಂದೇ ಮಾತಲ್ಲಿ ನನ್ನನ್ನು ತಣ್ಣಗೆ ಮಾಡಿ, ಮೂಟೆ ಎಳೆದ ಹಾಗೆ ದಡಕ್ಕೆ ತಂದು ಮರಳಿನ ಮೇಲೆ ಉರುಳಿಸಿದಳು.

ಪರೀಕ್ಷಕಿ ಗಡಿಯಾರ ನೋಡಿ, ಪಾಸಾಗಿದ್ದೀರಿ ಎಂದು ಅವಳ ಕೈ ಕುಲುಕಿದರು. “ಇಷ್ಟು ಹಠಮಾರಿ ಮನುಷ್ಯನನ್ನ ಇಷ್ಟು ಬೇಗ ಯಾರೂ ದಡ ಸೇರಿಸಿದ್ದಿಲ್ಲ. ಎಲ್ಲಿ ಅಭ್ಯಾಸ ಮಾಡಿದ್ರಿ?”

ನನ್ನವಳು ತಲೆಯ ನೀರು ಹಿಂಡಿಕೊಳ್ಳುತ್ತ ಹೇಳಿದಳು: “ಮನೇಲಿ, ಮೇಡಂ. ಹತ್ತೊಂಬತ್ತು ವರ್ಷದಿಂದ.”