ನರ್ಸಮ್ಮನ ಬಾಗಿಲು ಕಾಯುತ್ತಿರುವ ಟಗರು ಹೆಕ್ಟರ್ ಅವರಿಗೆ

ಮಾನ್ಯ ಹೆಕ್ಟರ್ ಮಹಾಶಯರ ಸನ್ನಿಧಾನಕ್ಕೆ,

ಟ್ರೋನ್ಸೇ ದ್ವೀಪದ ಸಮುದಾಯ ಭವನ ಸಮಿತಿಯ ಕಾರ್ಯದರ್ಶಿಯಾದ ಮರ್ಡೀನಾ ಮ್ಯಾಕ್‌ಫೀ ಎಂಬ ನಾನು, ಗೇಟಿನ ಹೊರಗೆ ಸುರಕ್ಷಿತ ದೂರದಲ್ಲಿ ನಿಂತು ಸಲ್ಲಿಸುತ್ತಿರುವ ವಂದನೆಗಳು. ತಮ್ಮ ಕೊಂಬುಗಳು ಕ್ಷೇಮವಾಗಿವೆಯೆಂದು ನಂಬಿದ್ದೇನೆ. ತಮ್ಮ ಉಣ್ಣೆ ದಟ್ಟವಾಗಿದೆ, ಹಸಿವು ಅದಕ್ಕಿಂತ ದಟ್ಟವಾಗಿದೆ ಎಂಬುದನ್ನು ಊರಿನವರೆಲ್ಲ ದಿನವೂ ಕಣ್ಣಾರೆ ನೋಡುತ್ತಿದ್ದೇವೆ. ನನ್ನ ವಿಚಾರ ಕೇಳುವಿರಾದರೆ, ಕುಳಿತುಕೊಳ್ಳುವುದೊಂದನ್ನು ಬಿಟ್ಟು ಉಳಿದೆಲ್ಲ ಸುಖವಾಗಿದೆ.

ಮಹಾಶಯರೇ, ನಮ್ಮ ದ್ವೀಪಕ್ಕೆ ಎರಡು ಚಳಿಗಾಲ ನರ್ಸ್ ಇರಲಿಲ್ಲವೆಂಬುದು ತಮಗೆ ತಿಳಿಯದ ವಿಷಯವಲ್ಲ, ಏಕೆಂದರೆ ಬೀಗ ಬಿದ್ದಿದ್ದ ಆಕೆಯ ಮನೆಯ ಅಂಗಳದಲ್ಲಿ ಅಷ್ಟೂ ಕಾಲ ಬಾಡಿಗೆಯಿಲ್ಲದೆ ಮೇಯುತ್ತಿದ್ದವರು ತಾವೇ. ನನ್ನ ಅಕ್ಕ ಎಫಿಯ ಕಾಲಿನ ಹುಣ್ಣು ಬೇಗ ಮಾಯುವಂಥದ್ದಲ್ಲ, ದಿನ ಬಿಟ್ಟು ದಿನ ಪಟ್ಟಿ ಬದಲಾಯಿಸಬೇಕು. ಬೇಸಿಗೆಯೊಳಗೆ ನರ್ಸ್ ಬರದಿದ್ದರೆ ಆಕೆಯನ್ನು ಸಮುದ್ರದಾಚೆಯ ವೃದ್ಧಾಶ್ರಮಕ್ಕೆ ಸೇರಿಸುವುದೇ ಸರಿಯೆಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟಿದ್ದರು. ನಾನು ಹುಟ್ಟಿದಂದಿನಿಂದ ಒಂದೇ ಅಡುಗೆಮನೆಯಲ್ಲಿ ನನ್ನೊಡನೆ ಜಗಳವಾಡಿಕೊಂಡು ಬಂದವಳು ಎಫಿ. ಅವಳು ಹೋದರೆ ನಾನು ಯಾರನ್ನು ಬಯ್ಯಲಿ? ಅಂಥ ಹೊತ್ತಿನಲ್ಲಿ, ಪೇಸ್ಲಿ ಊರಿನ ಐಲ್ಸಾ ಡಫ್ ಎಂಬ ನರ್ಸ್, ಕೆಲಸ ಒಪ್ಪುವ ಮೊದಲು ದ್ವೀಪವನ್ನೊಮ್ಮೆ ನೋಡಿಹೋಗಲು ಏಪ್ರಿಲ್ ತಿಂಗಳ ಒಂದು ಶನಿವಾರ ದೋಣಿಯಲ್ಲಿ ಬರುವುದಾಗಿ ಸುದ್ದಿ ಕಳಿಸಿದಳು.

ಆ ಶನಿವಾರಕ್ಕಾಗಿ ನಾನು ಪಟ್ಟ ಪಾಡನ್ನು ತಮ್ಮಂಥ ನಿರಾತಂಕ ಜೀವಿಗಳು ಊಹಿಸಲಾರರು. ಬಿರುಗಾಳಿಯನ್ನು ಎಲ್ಲರೂ ಒಂದೇ ಬಾಯಲ್ಲಿ ತಂಗಾಳಿಯೆಂದು ಕರೆಯತಕ್ಕದ್ದೆಂದು ಸಮಿತಿಯಲ್ಲಿ ಠರಾವು ಮಾಡಿಸಿದೆ. ನರ್ಸಿನ ಮನೆಗೆ ಸುಣ್ಣ ಹೊಡೆಸಿದೆ. ಉಪ್ಪುಗಾಳಿಗೆ ಹುಲ್ಲೊಂದು ಬಿಟ್ಟು ಬೇರೇನೂ ಬೆಳೆಯದ ಆ ಅಂಗಳದಲ್ಲಿ, ಹಿಂದಿನ ದಿನದ ದೋಣಿಯಲ್ಲಿ ತರಿಸಿದ ಡ್ಯಾಫೊಡಿಲ್ ಹೂಗಿಡಗಳನ್ನು ಕುಂಡದ ಸಮೇತ ಹೂತು, ಅವು ಅಲ್ಲೇ ಹುಟ್ಟಿ ಬೆಳೆದವೆಂಬಂತೆ ಮಣ್ಣು ಮುಚ್ಚಿದೆ. ತಮ್ಮನ್ನು ಗೌರವಪೂರ್ವಕವಾಗಿ ದ್ವೀಪದ ಆ ತುದಿಗೆ ಸಾಗಿಸಿ, ಹೊಸ ಹಗ್ಗದಲ್ಲಿ ಕಟ್ಟಿಸಿದ್ದವಳೂ ನಾನೇ. ಹಗ್ಗದ ರುಚಿ ತಮಗೆ ಹಿಡಿಸಿತೆಂದು ಆಮೇಲೆ ತಿಳಿಯಿತು.

ಭವನದಲ್ಲಿ ಚಹಾ, ಸ್ಕೋನೆಂಬ ಬಿಸಿ ಬನ್ನು, ಬೆಣ್ಣೆ, ಜಾಮು ಎಲ್ಲ ಸಾಂಗವಾಗಿ ನಡೆಯುತ್ತಿದ್ದಾಗ ಐಲ್ಸಾ ಮೆಲ್ಲಗೆ ಕೇಳಿದಳು: "ಹಿಂದಿನ ನರ್ಸ್ ಯಾಕೆ ಬಿಟ್ಟುಹೋದ್ರು?"

ಇದೊಂದಕ್ಕೆ ಉತ್ತರ ಸಿದ್ಧಪಡಿಸಲು ನಾನು ಮರೆತಿದ್ದೆ. ನಮ್ಮ ಅಧ್ಯಕ್ಷ ಫರ್ಕರ್ ಟೈ ಸರಿಮಾಡಿಕೊಂಡು, "ಮದುವೆಯಾಗಿ ಹೋದ್ಳಮ್ಮ, ಒಳ್ಳೇ ಸಂಬಂಧ" ಎಂದ. ಅದೇ ಕ್ಷಣಕ್ಕೆ ಅಂಗಡಿಯ ಡೋಲೀನಾ, "ಅವ್ಳ ತಂದೆಗೆ ಹುಷಾರಿರ್ಲಿಲ್ಲ ಪಾಪ" ಎಂದಳು. ಇಬ್ಬರನ್ನೂ ಉಳಿಸಲು ಹೋಗಿ ನಾನು, "ಲಾಟರಿ ಬೇರೆ ಹೊಡೀತಲ್ಲ!" ಎಂದುಬಿಟ್ಟೆ.

"ಎಲ್ಲಾ ಒಟ್ಟಿಗೇ ಆಯ್ತಾ? ಪಾಪ, ಉಸಿರಾಡೋಕೂ ಪುರುಸೊತ್ತು ಸಿಕ್ಕಿರಲ್ಲ" ಎಂದು ಐಲ್ಸಾ ಕೈಯಲ್ಲಿದ್ದ ಸ್ಕೋನನ್ನು ತಟ್ಟೆಗಿಟ್ಟು ಗಡಿಯಾರ ನೋಡಿದಳು. ಅವಳು ನಾಲ್ಕರ ದೋಣಿಗೆ ಹೋಗುವವಳು, ಮತ್ತೆ ಬರುವವಳಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಮೂಲೆಯಲ್ಲಿ ಕಾಲು ಚಾಚಿ ಕುಳಿತಿದ್ದ ಎಫಿಗೂ ಗೊತ್ತಾಯಿತು. ಅವಳು ಕಿಟಕಿಯಾಚೆ ನೋಡತೊಡಗಿದಳು.

ಕೊನೆಯ ಪ್ರಯತ್ನವೆಂದು ನಾನು ಐಲ್ಸಾಳನ್ನು ಮನೆ ತೋರಿಸಲು ಕರೆದೊಯ್ದೆ. ಅಲ್ಲಿ ತಾವು ಸ್ವಾಗತ ಸಮಿತಿಯೋಪಾದಿಯಲ್ಲಿ ನಿಂತಿದ್ದಿರಿ. ಹೂಗಳನ್ನೆಲ್ಲ ಭುಂಜಿಸಿ, ಕುಂಡಗಳನ್ನೆಲ್ಲ ಅಂಗಳದ ತುಂಬ ಉರುಳಿಸಿ, ಒಂದನ್ನು ಮಾತ್ರ ಬಲಗೊಂಬಿಗೆ ತೂಗುಹಾಕಿಕೊಂಡಿದ್ದಿರಿ; ಅದರ ಮೇಲೆ ಅಂಗಡಿಯ ಬೆಲೆ ಚೀಟಿ ಹಾಗೇ ಇತ್ತು. ಆ ಹುಡುಗಿ ಕುಂಡವನ್ನೂ ನನ್ನನ್ನೂ ಸರದಿಯಂತೆ ನೋಡಿದಳು. ಹತ್ತಿರ ಬಿದ್ದಿದ್ದ ಇನ್ನೊಂದು ಕುಂಡವನ್ನಾದರೂ ಲಂಗದ ಮರೆಗೆ ಸರಿಸೋಣವೆಂದು ನಾನು ಬಗ್ಗಿದೆ. ಮಹಾಶಯರೇ, ಒಬ್ಬ ಹೆಂಗಸು ಅತ್ತ ಮುಖಮಾಡಿ ಬಗ್ಗಿರುವಾಗ ಇತ್ತಕಡೆಯಿಂದ ಓಡಿಬಂದು ತಾವು ತೋರಿದ ಪರಾಕ್ರಮವನ್ನು ನಾನು ಯಾವ ಪದಗಳಿಂದ ಕೊಂಡಾಡಲಿ! ಅಂಗಳದಲ್ಲಿದ್ದವಳು, ಬಾಗಿಲು ತೆರೆದಿದ್ದ ಕಾರಣ, ನೇರ ನಡುಮನೆಯ ಚಾಪೆಯ ಮೇಲೆ ಬಂದು ಬಿದ್ದೆ. ನಡೆದು ಹೋಗಿದ್ದರೂ ಅಷ್ಟು ಬೇಗ ತಲುಪುತ್ತಿರಲಿಲ್ಲ.

ಆಗ ನನ್ನ ಬಾಯಿಂದ ಹೊರಟ ಮಾತುಗಳನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ. ಐಲ್ಸಾ ಓಡಿಬಂದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂತೂ ಈ ಊರಲ್ಲಿ ನೀವೊಬ್ರಾದ್ರೂ ಮನಸ್ಸಲ್ಲಿದ್ದದ್ದು ಹೇಳಿದ್ರಿ. ಬೋರಲು ಮಲಕ್ಕೊಳ್ಳಿ, ಎಲ್ಲಿ ಪೆಟ್ಟಾಯ್ತು ನೋಡ್ತೀನಿ."

ತಾವು ಹೊಸ್ತಿಲ ಹೊರಗೆ ಕಾವಲು ನಿಂತಿರಿ. ಕಿಟಕಿಯ ಪರದೆ ಅಲುಗಿದರೂ ಬಾಗಿಲಿಗೆ ಗುದ್ದು ಬೀಳುತ್ತಿತ್ತು. ದೋಣಿ ಕೂಗಿತು, ಮತ್ತೊಮ್ಮೆ ಕೂಗಿತು, ಹೋಯಿತು. ಸೊಂಟದ ಮೇಲೆ ತಣ್ಣೀರ ಬಟ್ಟೆ ಹಾಕಿಸಿಕೊಂಡು, ಮುಖವನ್ನು ಚಾಪೆಗೊತ್ತಿ ಮಲಗಿರುವ ಮನುಷ್ಯ ಎಷ್ಟು ಹೊತ್ತು ತಾನೇ ಸುಳ್ಳು ಹೇಳಿಯಾನು? ಹಿಂದಿನ ನರ್ಸ್ ಓಡಿಹೋದದ್ದು ನಮ್ಮಿಂದಲೇ ಎಂದು ಹೇಳಿದೆ. ಅವಳು ಊಟಕ್ಕೆ ಕುಳಿತಾಗ ಫರ್ಕರ್ ಕೆಮ್ಮಿಕೊಂಡು ಒಳಗೆ ಬರುತ್ತಿದ್ದ, ಅವಳು ಸ್ನಾನಕ್ಕಿಳಿದಾಗ ಡೋಲೀನಾ ಬೆರಳಿನ ಮುಳ್ಳು ತೋರಿಸಲು ಬರುತ್ತಿದ್ದಳು, ನಾನಂತೂ ಅವಳ ಒಗೆದ ಬಟ್ಟೆ ಎಣಿಸಿ, ಯಾವುದು ಸರಿಯಾಗಿ ಹಿಂಡಿಲ್ಲವೆಂದು ಹೇಳಿಯೇ ಮನೆಗೆ ಮರಳುತ್ತಿದ್ದೆ. ಎಫಿಯ ಕಾಲಿನ ವಿಷಯಕ್ಕೆ ಬಂದಾಗ ಮುಖವನ್ನು ಚಾಪೆಗೆ ಒರೆಸಿಕೊಂಡೆ. ಅಳುತ್ತಿಲ್ಲವೆಂದೂ ಸೊಂಟ ನೋಯುತ್ತಿದೆಯೆಂದೂ ಹೇಳಿದೆ.

"ನೋವಿದ್ರೆ ಅಳ್ಬಹುದು, ಪರ್ವಾಗಿಲ್ಲ" ಎಂದಳು ಐಲ್ಸಾ. ನಗಲಿಲ್ಲ.

ಕಡೆಗೆ ಫರ್ಕರ್ ಹುಡುಕುತ್ತ ಬಂದು, ಒಂದು ಬಕೆಟ್ ಓಟ್ಸ್ ಅಲ್ಲಾಡಿಸಿದ ಕೂಡಲೇ ತಾವು ಹಾಲುಗಲ್ಲದ ಮರಿಯಂತೆ ಅವನ ಹಿಂದೆ ಹೊರಟಿರಿ. ಭಾನುವಾರ ದೋಣಿಯಿಲ್ಲ. ಐಲ್ಸಾ ನಮ್ಮ ಮನೆಯಲ್ಲೇ ಉಳಿದಳು. ಎಫಿಯ ಕಾಲಿನ ಪಟ್ಟಿ ಬಿಚ್ಚಿ, ಬಹಳ ಹೊತ್ತು ನೋಡಿ, "ಇದನ್ನ ಇಷ್ಟು ದಿನ ಕಟ್ಟಿದ್ದು ಯಾರು?" ಎಂದಳು. ನಾನೇ ಎಂದೆ. "ಚೆನ್ನಾಗೇ ಕಟ್ಟಿದೀರಿ. ಇನ್ನು ನಾನು ಕಟ್ತೀನಿ" ಎಂದಳು. ಎಫಿ ಅಂದು ರಾತ್ರಿಯೂಟಕ್ಕೆ ಎರಡು ಸಲ ಆಲೂಗಡ್ಡೆ ಹಾಕಿಸಿಕೊಂಡಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ದೂರು ಬರೆಯುವ ಅಗತ್ಯವಿರಲಿಲ್ಲ. ಸೋಮವಾರ ದೋಣಿ ಹತ್ತುವ ಮುನ್ನ ಐಲ್ಸಾ ಸಮಿತಿಯವರ ಎದುರು, "ಬರ್ತೀನಿ. ಆದ್ರೆ ಒಂದು ಷರತ್ತು. ಆ ಟಗರು ನನ್ನ ಅಂಗಳದಲ್ಲೇ ಇರ್ಬೇಕು" ಎಂದಳು. ಕೈಯೆತ್ತಿ ಒಪ್ಪಿದವರಲ್ಲಿ ನಾನೂ ಒಬ್ಬಳು, ಏಕೆಂದರೆ ಅದರ ಅರ್ಥ ನನಗಾಗ ಹೊಳೆದಿರಲಿಲ್ಲ.

ಈಗ ಹೊಳೆದಿದೆ. ಈಗ ನರ್ಸನ್ನು ಕಾಣಬೇಕಾದರೆ ಮೊದಲು ಫೋನ್ ಮಾಡಬೇಕು. ಆಮೇಲೆ ಗೇಟಿನ ಹೊರಗೆ ನಿಂತು, ಅವಳು ಬಕೆಟ್ ಹಿಡಿದು ಬರುವವರೆಗೆ ಕಾಯಬೇಕು. ಯಾರ ಮಂಡಿಗೆ ಏನಾಯಿತು, ಯಾರ ಹೊಟ್ಟೆನೋವಿಗೆ ಏನು ಕಾರಣ ಎಂಬ, ಹಿಂದೆ ಅರ್ಧ ಗಂಟೆಯೊಳಗೆ ನನ್ನ ಅಡುಗೆಮನೆ ತಲುಪುತ್ತಿದ್ದ ಸಾರ್ವಜನಿಕ ಮಾಹಿತಿಯೆಲ್ಲ ಇಂದು ಆ ಬಾಗಿಲ ಹಿಂದೆ ಕೊಳೆಯುತ್ತಿದೆ. ಇದಕ್ಕೆ ಪ್ರತಿಯಾಗಿ ತಮ್ಮ ಭಾವಚಿತ್ರವನ್ನು ಭವನದ ಗೋಡೆಯ ಮೇಲೆ, ಯುದ್ಧಕ್ಕೆ ಹೋದವರ ಹೆಸರುಗಳ ಪಕ್ಕದಲ್ಲೇ ತೂಗುಹಾಕಲಾಗಿದೆ. ವಾರಗಟ್ಟಲೆ ದುಡಿದ ಕಾರ್ಯದರ್ಶಿಯ ಚಿತ್ರ ಎಲ್ಲೂ ಇಲ್ಲ.

ಆದಕಾರಣ ತಾವು ದಯಮಾಡಿ ಮಂಗಳವಾರಗಳಂದು ಮಧ್ಯಾಹ್ನದ ನಂತರ ಕುರುಡರಾಗಬೇಕೆಂದೂ, ಸಕ್ಕರೆ ಸಾಲ ಕೇಳಲು ಬರುವವರನ್ನು ರೋಗಿಗಳಿಂದ ಬೇರ್ಪಡಿಸಿ ಗುರುತಿಸುವ ತರಬೇತಿ ಪಡೆಯಬೇಕೆಂದೂ, ಅದೂ ಆಗದಿದ್ದರೆ ಒಳಗೆ ನಡೆಯುವ ಮಾತುಕತೆಯನ್ನು ಕಿವಿಗೊಟ್ಟು ಕೇಳಿ ವಾರಕ್ಕೊಮ್ಮೆ ನನಗೆ ವರದಿ ಒಪ್ಪಿಸಬೇಕೆಂದೂ ವಿನಂತಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ನೊಂದಿರುವುದು ಎಫಿಯ ವಿಷಯದಲ್ಲಿ. ಕೋಲೂರಿಕೊಂಡು ಅವಳು ಗೇಟು ತೆರೆದರೆ ತಾವು ದಾರಿ ಬಿಟ್ಟು, ತಲೆ ತಗ್ಗಿಸಿ, ಕಿವಿಯ ಹಿಂದೆ ಕೆರೆಸಿಕೊಳ್ಳುತ್ತೀರಿ. ನಿನ್ನೆ ಅವಳು ನಗುನಗುತ್ತ ಹೊರಬಂದಳು, ಹುಣ್ಣಿನ ಅಂಚು ಕೂಡುತ್ತಿದೆಯಂತೆ. "ಮತ್ತೇನಂದ್ಳು ನರ್ಸಮ್ಮ?" ಎಂದು ಗೇಟಿನ ಹೊರಗಿಂದಲೇ ಕೇಳಿದೆ.

"ಅದು ನನ್ಗೂ ಅವ್ಳಿಗೂ ಇರೋ ಮಾತು ಕಣೇ, ಮರ್ಡೀನಾ" ಎಂದಳು. ಇಷ್ಟು ವರ್ಷಗಳಲ್ಲಿ ನನ್ನಿಂದ ಅವಳು ಮುಚ್ಚಿಟ್ಟ ಮೊದಲ ಗುಟ್ಟು ಅದು. ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಮನೆಗೆ ಬಂದೆವು. ಅವಳು ನನಗಿಂತ ಮುಂದೆ ನಡೆಯುತ್ತಿದ್ದಳು.

ಸೊಂಟ ಬಗ್ಗಿಸಿ ನಮಸ್ಕರಿಸುವ ಧೈರ್ಯವಿಲ್ಲದ್ದರಿಂದ ನೆಟ್ಟಗೆ ನಿಂತೇ,

ತಮ್ಮ ವಿಶ್ವಾಸಿ,
ಮರ್ಡೀನಾ ಮ್ಯಾಕ್‌ಫೀ
ಕಾರ್ಯದರ್ಶಿ, ಟ್ರೋನ್ಸೇ ಸಮುದಾಯ ಭವನ ಸಮಿತಿ

ತಾ.ಕ.: ನಮ್ಮ ಪಾದ್ರಿಗಳು ತಮ್ಮ ಮನೆಯ ಅಂಗಳಕ್ಕೂ ಇಂಥದೇ ಒಂದು ಟಗರು ಬೇಕೆಂದು ಮೊನ್ನೆ ಸಮಿತಿಗೆ ಮನವಿ ಸಲ್ಲಿಸಿದ್ದಾರೆ. ಅವರ ಮನೆಗೆ ದಿನವೂ ಹೋಗಿಬರುವವಳು ನಾನೊಬ್ಬಳೇ ಆದ್ದರಿಂದ, ಅವರಿಗೆ ಯಾರ ಕಾಟವಿದೆಯೋ ತಿಳಿಯದೆ ತಲೆ ಕೆಡಿಸಿಕೊಂಡಿದ್ದೇನೆ; ನಾಳೆ ಬೆಳಿಗ್ಗೆ ಹೋಗಿ ಕೇಳಿಯೇ ಬರುತ್ತೇನೆ.