ಬಿನ್ನೆತ್ತಿಯ ಸ್ವಾಗತ ಗೀತೆ

ದಶರಥ ಮಾಸ್ತರರ ಮೀಸೆ ಏಳನೆಯ ಇಯತ್ತೆಗೆ ಹೇಳಿ ಮಾಡಿಸಿದ್ದು. ಅದರ ತುದಿಗಳು ಮೇಲೆದ್ದರೆ ಸಾಕು, ಎಂಥ ದಡ್ಡ ಹುಡುಗನಿಗೂ ಮರೆತ ಬಡ್ಡಿ ಲೆಕ್ಕ ತಾನಾಗಿ ನೆನಪಾಗುತ್ತಿತ್ತು. ಆದರೆ ಬಿನ್ನೆತ್ತಿಗೆ ಕಲಿಸುತ್ತಿದ್ದ ಅಕ್ಕಾವ್ರು ಬಾಣಂತನಕ್ಕೆ ತವರಿಗೆ ಹೋದದ್ದೇ ತಡ, ಒಂದನೆಯ ಇಯತ್ತೆಗೂ ಏರದ ಆ ಚಿಳ್ಳೆಪಿಳ್ಳೆಗಳನ್ನು ಮಾಸ್ತರರ ಕೊರಳಿಗೆ ಕಟ್ಟಲಾಯಿತು. ಅಂದಿನಿಂದ ಬನಹಟ್ಟಿಯ ಆ ಓಣಿಯಲ್ಲಿ ಮುಂಜಾನೆ ಎರಡೇ ಸಪ್ಪಳ: ಒಂದು ಪಾವರಲೂಮಿನದು, ಇನ್ನೊಂದು ಬಿನ್ನೆತ್ತಿಯ ಅಳುವಿನದು. ಬಾಗಿಲಲ್ಲಿ ಮೀಸೆ ಕಂಡೊಡನೆ ಒಂದು ಕೂಸು ಅಳು ಎತ್ತಿಕೊಡುತ್ತಿತ್ತು, ಉಳಿದವು ದನಿಗೂಡಿಸುತ್ತಿದ್ದವು.

ಆ ದಿನ ಹೆಡ್‌ಮಾಸ್ತರ ಹುಲೆಪ್ಪನವರು ಸೈಕಲ್ಲಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟುಕೊಂಡು ಕೂಗಿದರು.

"ಮಾಸ್ತರ, ಇವತ್ತ ಜಮಖಂಡಿಯಿಂದ ಅಕ್ಕಾವ್ರು ಬರಾಕತ್ತಾರ! ಹುಡುಗೂರು ಹಿಂಗ ಬಾಯಿ ತೆಗದು ಕುಂತ್ರ ನೀವು ಏಳನೆತ್ತಿ ಮರತಂಗ ನೋಡ್ರಿ. ದುಂಡಗ ಕೂಡಿಸಿ ಒಂದ ಸ್ವಾಗತ ಗೀತಿ ಹಾಡಸ್ರಿ!"

"ಯಾವ ಅಕ್ಕಾವ್ರು ಬರ್ತಾರ್ರೀ?"

ಅಷ್ಟರಲ್ಲಿ ಪಕ್ಕದ ರಾಚಪ್ಪನ ಮಗ್ಗಗಳು ಒಮ್ಮೆಲೇ ಖಟಖಟ ಎಂದವು. ಹುಲೆಪ್ಪನವರ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಸೈಕಲ್ಲು ತೇರದಾಳದ ದಾರಿ ಹಿಡಿಯಿತು.

ತಪಾಸಣೆಗೆ ಬರುವ ದೊಡ್ಡ ಅಕ್ಕಾವ್ರೇ ಇರಬೇಕು! ಎಂದುಕೊಂಡರು ಮಾಸ್ತರರು. ಹಾಡು ಎಂಬ ಜಾತಿಯಲ್ಲಿ ಅವರಿಗೆ ಬರುತ್ತಿದ್ದದ್ದು ಮಗ್ಗಿ ಒಂದೇ. ಮಕ್ಕಳನ್ನು ದುಂಡಗೆ ಕೂಡಿಸಿ, ಕೊರಳು ಸರಿಮಾಡಿಕೊಂಡು, "ಎರಡೊಂದ್ಲೆ ಎರಡು" ಎಂದು ರಾಗವಾಗಿ ಎತ್ತಿದರು. ಎರಡೆರಡ್ಲೆ ನಾಲ್ಕು ಆಗುವುದರೊಳಗೆ ಇಡೀ ವರ್ಗ ಅಳುತ್ತಿತ್ತು.

ಸಾಲೆಯ ಸಿಪಾಯಿ ಕರೆಪ್ಪ ತಾಳ ಹಿಡಿದು ಓಡಿಬಂದ. ಭಜನಾ ಮೇಳದಲ್ಲಿ ಅವನದೇ ಮುಂದಾಳತ್ವ.

"ಸರೀರಿ ಮಾಸ್ತರ. ನನ್ನ ಭಜನಾ ಕೇಳಿ ಎಂಥೆಂಥಾವ್ರೋ ಗಪ್ ಕುಂತಾರ." ಕಣ್ಣು ಮುಚ್ಚಿ ಹಾಡಿದ: "ನಾಕು ಮಂದಿ ಬರತಾರಣ್ಣ, ಹೊತ್ತುಕೊಂಡು ಒಯ್ಯತಾರಣ್ಣ..."

ಮಕ್ಕಳು ಗಪ್ಪಾದವು. ಮೂಗು ಸುರಿಸುತ್ತಿದ್ದ ಒಂದು ಹುಡುಗಿ ಮೆಲ್ಲಗೆ, "ಯಾರನ್ನ ಒಯ್ಯತಾರ್ರಿ?" ಎಂದು ಕೇಳಿತು.

"ಎಲ್ಲಾರನ್ನೂವಾ!" ಎಂದ ಕರೆಪ್ಪ, ವೈರಾಗ್ಯದಿಂದ.

ಅಷ್ಟೇ. ಅರ್ಧ ವರ್ಗ ಅವ್ವಾ ಎನ್ನುತ್ತ ಬಾಗಿಲಿಗೆ ಓಡಿತು. ಬಾಗಿಲಲ್ಲಿ ಅವುಗಳನ್ನು ಕೋಳಿಮರಿಗಳಂತೆ ಸೆರಗಿನಲ್ಲಿ ತಡೆದವಳು ಎದುರುಮನೆಯ ಲಗಮವ್ವಜ್ಜಿ. ಸುತ್ತಲಿನ ಓಣಿಗಳಲ್ಲಿ ಅವಳ ಹಾಡಿಲ್ಲದೆ ಒಂದು ಮದುವೆಯೂ ಆಗುತ್ತಿರಲಿಲ್ಲ.

"ಬರೂ ಮಂದೀನ ಕರಿಯಾಕ ಸತ್ತವರ ಹಾಡ ಹೇಳತಿಯಲ್ಲೋ ಭಾಡ್ಯಾ! ಸರಿ ಅತ್ತಾಗ," ಎಂದು ಕರೆಪ್ಪನನ್ನು ಬದಿಗೆ ತಳ್ಳಿ, ಚಪ್ಪಾಳೆ ತಟ್ಟುತ್ತ ಕುಳಿತೇಬಿಟ್ಟಳು:

"ಬಂದರು ಬಂದರು ಬೀಗರು ಬಂದರು
ಚಾಪಿ ಹಾಸೇವಿ ಕೂಡರಿ..."

ಕಣ್ಣೀರು ನಿಂತಿತು. ಚಪ್ಪಾಳೆ ಶುರುವಾಯಿತು. ಮಾಸ್ತರರಿಗೆ ಸ್ವರ್ಗ ಮೂರೇ ಗೇಣು. ಬೀಗರ ಬದಲು 'ಅಕ್ಕಾವ್ರು' ಎಂದು ಹಾಕಿದರೆ ಎಷ್ಟು ಗೌರವದ ಹಾಡು! "ಇಷ್ಟ ಸಾಕ ಬೇ ಯಮ್ಮಾ, ಅಕ್ಕಾವ್ರು ಅಂತ ಹಾಕಿ ಇದನ್ನ ತಿದ್ದಿಸು," ಎಂದು ಹೇಳಿ, ಇಸ್ತ್ರಿ ಮಾಡಿದ ಕೋಟು ಮತ್ತು ಒಂದು ಹೂವಿನ ಹಾರ ತರಲು ಓಡಿದರು.

ಆದರೆ ಬೀಗರ ಹಾಡನ್ನು ಕರೆಯುವಲ್ಲಿಗೇ ನಿಲ್ಲಿಸಿ, ಬೀಗರನ್ನು ಹಳಿಯದೆ ಬಿಟ್ಟ ಹೆಂಗಸು ಆ ಸೀಮೆಯಲ್ಲಿ ಹುಟ್ಟಿಲ್ಲ.

ಮಾಸ್ತರರು ಹಾರ ಹಿಡಿದು ತಿರುಗಿ ಬರುವುದಕ್ಕೂ, ದೊಡ್ಡ ಚೀಲ ಹೊತ್ತ, ಮೈಕೈ ತುಂಬಿಕೊಂಡ ಅಕ್ಕಾವ್ರೊಬ್ಬರು ಬಿಸಿಲಲ್ಲಿ ಏದುಸಿರು ಬಿಡುತ್ತ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಮಾಸ್ತರರು ಕೈಸನ್ನೆ ಮಾಡಿದರು. ಮಕ್ಕಳು ಒಕ್ಕೊರಲಿನಿಂದ ಎತ್ತಿದವು:

"ಬಂದರು ಬಂದರು ಅಕ್ಕಾವ್ರು ಬಂದರು
ಚಾಪಿ ಹಾಸೇವಿ ಕೂಡರಿ!"

ಅಕ್ಕಾವ್ರ ಮುಖ ಅರಳಿತು. ಮಾಸ್ತರರ ಮೀಸೆ ಅರಳಿತು. ಹಾಡು ಮಾತ್ರ ನಿಲ್ಲಲಿಲ್ಲ.

"ಹೊಟ್ಟಿ ನೋಡಿದರ ಗಡಗಿ ಹಂಗೈತಿ
ಎರಡ ಚಾಪಿ ಹಾಸರಿ!
ಮೂಗ ನೋಡಿದರ ಬದನಿಕಾಯಿ
ಎಣ್ಣಿ ಹಚ್ಚಿ ಸುಡರಿ!"

ಮಾಸ್ತರರು ಮೀಸೆ ಏರಿಸಿ ಕಣ್ಣು ಕೆಕ್ಕರಿಸಿದರು. ಅದೂ ಹಾಡಿನ ಅಭಿನಯವೇ ಎಂದು ತಿಳಿದು ಮಕ್ಕಳು ಕಣ್ಣು ಕೆಕ್ಕರಿಸಿದವು. "ಸಾಕು! ಸಾಕು!" ಎಂದು ಕೂಗಿದರು. "ಸಾಕು! ಸಾಕು!" ಎಂದು ಮಕ್ಕಳು ಪಲ್ಲವಿ ಮಾಡಿಕೊಂಡವು. ಕರೆಪ್ಪ ತಡೆಯಲಾರದೆ ತಾಳ ಹಾಕಿದ. ಕಿಟಕಿಯಲ್ಲಿ ಲಗಮವ್ವಜ್ಜಿ ಮುಂದಿನ ಸಾಲು ಎತ್ತಿಕೊಟ್ಟಳು:

"ಉಂಡು ಉಂಡು ಏಳವಲ್ಲರು
ಚಕ್ಕಡಿ ಕಟ್ಟಿ ಒಯ್ಯರಿ!"

ಅಕ್ಕಾವ್ರು ಚೀಲ ಎತ್ತಿಕೊಂಡು ಗಿರಕ್ಕನೆ ತಿರುಗಿದರು. ಹಾರ ಹಿಡಿದ ಮಾಸ್ತರರು ಬೆನ್ನುಹತ್ತಿದರು.

"ಅಕ್ಕಾವ್ರ, ಸಣ್ಣ ಹುಡುಗೂರ್ರೀ! ಒಂದ ಕಪ್ ಚಾ ಅರೆ ಕುಡೀರಿ!"

"ಮೂಗಿಗೆ ಎಣ್ಣಿ ಹಚ್ಚಿ ಸುಡೂ ಮಂದಿ ಚಾ ನನಗ ಬ್ಯಾಡ್ರಿ! ಜಮಖಂಡಿ ಬಸ್ ಎಲ್ಲಿ ನಿಲ್ಲತೈತಿ, ಹೇಳ್ರಿ!"

ಬಸ್ಸು ಆಗಲೇ ಹೊರಟಿತ್ತು. ಮಾಸ್ತರರು ರಸ್ತೆಯ ನಡುವೆ ಕೈ ಚಾಚಿ ನಿಂತು, ಡ್ರೈವರನ ಬೈಗುಳ ತಿಂದು, ಅದನ್ನು ನಿಲ್ಲಿಸಿ, ಚೀಲ ಹೊತ್ತು, ಕಿಟಕಿ ಪಕ್ಕದ ಸೀಟು ಕೊಡಿಸಿದರು.

"ಇನ್ನ ಈ ಸಾಲಿ ಕಡೆ ತಲಿ ಹಾಕಿ ಸೈತ ಮಲಗೂದಿಲ್ಲ!" ಎಂದರು ಅಕ್ಕಾವ್ರು.

ಬಸ್ಸು ಹೋಯಿತು. ಮಾಸ್ತರರ ಎದೆಯ ಭಾರವೂ ಹೋಯಿತು. ತಪಾಸಣೆ ತಪ್ಪಿತು, ಮುಂದೆಯೂ ಬರುವುದಿಲ್ಲವಂತೆ! ಹಾರವನ್ನು ದಾರಿಯ ಹಣಮಪ್ಪನ ಗುಡಿಯಲ್ಲಿ ಹಾಕಿ, ಸಿಳ್ಳು ಹಾಕುತ್ತ ಸಾಲೆಗೆ ಬಂದರು. ಹುಲೆಪ್ಪನವರು ಅಂಗಳದಲ್ಲಿ ಸೈಕಲ್ಲು ನಿಲ್ಲಿಸುತ್ತಿದ್ದರು.

"ಅಕ್ಕಾವ್ರು ಬಂದ್ರೇನ್ರಿ ಮಾಸ್ತರ?"

"ಬಂದ್ರು, ಹೋದ್ರು! ನಾನಽ ಬಸ್ ತರುಬಿ ಹತ್ತಿಸಿ ಬಂದೇನಿ."

"ಹತ್ತಿಸಿ ಬಂದ್ರೀ?" ಹುಲೆಪ್ಪನವರ ಕೈಯಿಂದ ಸೈಕಲ್ಲು ಜಾರಿ ಬಿತ್ತು. "ಬಿನ್ನೆತ್ತಿಗೆ ಬಂದ ಹೊಸಾ ಅಕ್ಕಾವ್ರರೀ ಅವ್ರು! ಎಷ್ಟ ಕಾಲು ಹಿಡದು ಕರಸಿದ್ದೆ! ಅವರು ಇಲ್ಲೆ ನಿಂತಿದ್ರ ನಾಳಿಂದ ನಿಮಗ ಏಳನೆತ್ತಿ! ಇನ್ನ ಯಾರ್ ಬರ್ತಾರ್ರೀ ಇಲ್ಲಿಗೆ? ನೀವಽ ಇರ್ರಿ ವರ್ಷ ಪೂರ್ತಿ!"

ಮಾಸ್ತರರು ಹೊಸ್ತಿಲ ಮೇಲೆ ಕುಸಿದು ಕುಳಿತರು. ಮೀಸೆಯ ಎರಡೂ ತುದಿ ನೆಲ ನೋಡಿದವು. ಒಳಗಿನಿಂದ ಮಕ್ಕಳು ಗುಂಪಾಗಿ ಓಡಿಬಂದವು. ಒಂದೂ ಅಳಲಿಲ್ಲ. ಮೂಗು ಸುರಿಸುವ ಆ ಹುಡುಗಿ ಇಸ್ತ್ರಿ ಮಾಡಿದ ಕೋಟಿನ ತೋಳು ಜಗ್ಗಿ, ಆಸೆಯಿಂದ ಕೇಳಿತು:

"ಮಾಸ್ತರ, ಮತ್ತ ಯಾರರೆ ಬರ್ತಾರೇನ್ರಿ?"