ದಕ್ಷಿಣಕ್ಕೆ ಮುಖ ಮಾಡಿದ ಡಿಶ್

ನವಗ್ರಹಗಳಿಗೆ ನಿತ್ಯ ನಮಸ್ಕರಿಸುವ ನಮ್ಮ ವಂಶದಲ್ಲಿ ಉಪಗ್ರಹಗಳಿಗೂ ಕೈಮುಗಿಯುವ ಮಹನೀಯರೊಬ್ಬರಿದ್ದಾರೆಂದರೆ ನಂಬುವಿರಾ? ಅವರು ನನ್ನ ಸೋದರಮಾವ! ಅಜ್ಜಂಪುರದಿಂದ ತರೀಕೆರೆಯವರೆಗೆ ಮನೆಮನೆಯ ಮೇಲೆ ಟಿ.ವಿ. ಡಿಶ್ ಕೂರಿಸುತ್ತಲೇ ಕೂದಲು ನರೆಸಿಕೊಂಡವರು.

ಕಳೆದ ಕಾರ್ತಿಕದಲ್ಲಿ ಅವರನ್ನು ಕಡೂರಿನ ನಮ್ಮ ಮನೆಗೆ ಕರೆಸಿದ್ದು ಅಮ್ಮನಿಗಾಗಿ. ಮಂಡಿನೋವಿನಿಂದ ಅಮ್ಮ ದೇವಸ್ಥಾನದ ಮೆಟ್ಟಿಲು ಹತ್ತದೆ ವರ್ಷವಾಗಿತ್ತು. ಟಿ.ವಿ.ಯಲ್ಲಾದರೂ ಪ್ರಾತಃಕಾಲದ ಅಭಿಷೇಕ ಕಂಡರೆ ಸಾಕೆಂಬುದೊಂದೇ ಅವರ ಹಂಬಲ.

ನೂರು ಸಲ ಬಂದ ಮನೆಯಾದರೂ ಮಾವ ನಾಲ್ವರನ್ನು ಕೇಳದೆ ದಾರಿ ನಂಬುವವರಲ್ಲ. ಮೊಬೈಲಿಗೆ ದಾರಿ ತೋರುವ ಉಪಗ್ರಹಗಳು ಮಧ್ಯದ ಕಕ್ಷೆಯಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕು ಸೇರಿ ಸಾಕ್ಷಿ ನುಡಿದರೆ ಮಾತ್ರ ನಾವು ನಿಂತ ತಾಣ ನಿಶ್ಚಿತ ಎಂಬುದು ಅವರ ಶಾಸ್ತ್ರ. ಬಸ್ ನಿಲ್ದಾಣದಲ್ಲಿ ಒಬ್ಬರನ್ನು ಕೇಳಿದರು, ಅಂಗಡಿಯಲ್ಲಿ ಒಬ್ಬರನ್ನು, ತಿರುವಿನಲ್ಲಿ ಇನ್ನೊಬ್ಬರನ್ನು. ನಾಲ್ಕನೆಯವರು ಜಗುಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಮ್ಮ!

"ಅಮ್ಮಾ, ಇಲ್ಲಿ ನಮ್ಮಕ್ಕನ ಮನೆ ಯಾವ್ದು?"

"ಲೇ, ನಾನೇ ಕಣೋ ನಿಮ್ಮಕ್ಕ!"

"ಗೊತ್ತು ಕಣಕ್ಕ. ನಾಲ್ಕನೇ ಸಾಕ್ಷಿ ಬೇಕಿತ್ತು."

ಕಾಫಿ ಕುಡಿಯುತ್ತ ಬಂಧುಗಳ ವಿಮರ್ಶೆ ಆರಂಭವಾಯಿತು. ಮಾವ ಜನರನ್ನು ಅಳೆಯುವುದು ಜಾತಕದಿಂದಲ್ಲ, ಕಕ್ಷೆಯಿಂದ!

"ನಿನ್ನ ಹೆಂಡ್ತಿ ತಮ್ಮ ಕೆಳಗಿನ ಕಕ್ಷೆಯೋನು ಕಣೋ. ಭೂಮಿಗೆ ಹತ್ರ, ಮಾತು ಬೇಗ ತಲುಪುತ್ತೆ. ಆದ್ರೆ ಈ ಕಡೆ ಬಂದ ಅನ್ನೋದ್ರೊಳಗೆ ಆ ಕಡೆ ಮುಳುಗ್ಬಿಡ್ತಾನೆ. ಅಂಥೋನು ಒಬ್ಬ ಸಾಲ್ದು, ಹಿಂಡೇ ಬೇಕು!"

ಬೆಳಿಗ್ಗೆ ತರೀಕೆರೆ, ಸಂಜೆ ಪಂಚನಹಳ್ಳಿ ಎಂದು ಓಲಾಡುವ ನನ್ನ ತಮ್ಮನದು ವಾಲಿದ ಕಕ್ಷೆಯಂತೆ. ಲೈಸೆನ್ಸ್ ಪರೀಕ್ಷೆಯ ಸ್ಕೂಟರಿನಂತೆ ಆಕಾಶದಲ್ಲಿ ಎಂಟು ಹಾಕುವವನು! ನಾನು? "ನೀನು ಸ್ಥಿರಕಕ್ಷೆ. ಯಾವಾಗ ನೋಡಿದ್ರೂ ಅಲ್ಲೇ!" ಇದು ಪ್ರಶಂಸೆಯೋ, ಕುರ್ಚಿ ಬಿಟ್ಟೇಳುವುದಿಲ್ಲವೆಂಬ ಆಕ್ಷೇಪವೋ, ಇಂದಿಗೂ ನಿರ್ಣಯವಾಗಿಲ್ಲ.

ಬಳಿಕ ತಾರಸಿ ಹತ್ತಿ ಡಿಶ್ಶನ್ನು ದಕ್ಷಿಣಕ್ಕೆ ತಿರುಗಿಸಿದರು. ಅಂಗಳದಲ್ಲಿ ಕುಳಿತಿದ್ದ ಅಮ್ಮ ಚೀರಿದರು.

"ಯಮನ ದಿಕ್ಕಿಗೆ ಯಾಕೋ ಮುಖ ಮಾಡ್ತೀಯ? ಈಶಾನ್ಯಕ್ಕೆ ತಿರುಗ್ಸು!"

"ಅಕ್ಕಾ, ಟಿ.ವಿ. ಉಪಗ್ರಹ ಇರೋದು ಭೂಮಧ್ಯರೇಖೆ ಮೇಲೆ. ಅದು ನಮಗೆ ದಕ್ಷಿಣ. ಭೂಮಿ ಸುತ್ತಿದಂಗೇ ಅದೂ ಸುತ್ತುತ್ತೆ, ಅದಕ್ಕೇ ನಿಂತಂಗೆ ಕಾಣುತ್ತೆ."

"ನಿಂತಿದ್ರೆ ಒಸಿ ಪಕ್ಕಕ್ಕೆ ನಿಲ್ಲೋಕೆ ಹೇಳು!"

ಅಕ್ಕನ ಮಾತು ಮೀರದ ಮಾವ ಈಶಾನ್ಯಕ್ಕೆ ತಿರುಗಿಸಿದರು. ಪರದೆಯ ಮೇಲೆ ಬರೀ ನೀಲಿಯೆಂದು ನಾನು ಒಳಗಿನಿಂದ ಕೂಗಿದೆ.

"ನೀಲಿ ಬಂತಾ? ಕೃಷ್ಣ ಇರ್ಬೇಕು, ಸರಿಯಾಗಿ ನೋಡೋ!" ಎಂದರು ಅಮ್ಮ.

ಕೃಷ್ಣನಿರಲಿಲ್ಲ. ಅಮ್ಮನ ಮುಖ ಬಾಡಿತು. "ಬೇಡ ಬಿಡು. ನನಗೆ ದರ್ಶನದ ಯೋಗ ಇಲ್ಲ. ಇಳಿ ಕೆಳಕ್ಕೆ."

ಮಾವ ತಿರುಪು ಬಿಚ್ಚತೊಡಗಿದರು. ಅಷ್ಟರಲ್ಲಿ ಅಮ್ಮ ಕೇಳಿದರು:

"ಅಲ್ವೋ, ದಕ್ಷಿಣಕ್ಕೆ ಇಟ್ರೆ ಅದು ಯಾವಾಗ್ಲೂ ಆ ಕಡೇನೇ ನೋಡ್ತಿರುತ್ತಾ?"

"ಹಗಲೂ ರಾತ್ರಿ ಅಕ್ಕ. ಒಂದ್ ಕೂದಲೆಳೆ ಅಲ್ಲಾಡಲ್ಲ."

ನಮ್ಮ ತಂದೆಯವರ ಶ್ರಾದ್ಧದಂದು ನಾನು ದಕ್ಷಿಣಾಭಿಮುಖನಾಗಿ ಎಳ್ಳುನೀರು ಬಿಡುವಾಗ, ಅಮ್ಮ ಪ್ರತಿವರ್ಷವೂ ಬಾಗಿಲಲ್ಲಿ ನಿಂತು ಆ ದಿಕ್ಕನ್ನೇ ನೋಡುತ್ತಾರೆ.

"ಹಂಗಾದ್ರೆ ದಕ್ಷಿಣಕ್ಕೇ ಇರ್ಲಿ ಕಣೋ," ಎಂದರು ಮೆಲ್ಲಗೆ. "ನಿಮ್ಮ ಭಾವ ಹೋದ ದಿಕ್ಕು. ನಾನು ವರ್ಷಕ್ಕೊಂದ್ಸಲ ನೋಡ್ತೀನಿ. ಅದಾದ್ರೂ ದಿನಾ ನೋಡ್ಕೊಂಡಿರ್ಲಿ."

ಮಾವ ಡಿಶ್ಶನ್ನು ಮತ್ತೆ ದಕ್ಷಿಣಕ್ಕೆ ತಿರುಗಿಸಿ ತಿರುಪು ಬಿಗಿದರು. ಹೆಗಲ ಮೇಲಿನ ಟವೆಲಿನಿಂದ ಡಿಶ್ಶಿನ ಮುಖವನ್ನು ನಿಧಾನವಾಗಿ ಒರೆಸಿ, ಅದೇ ಟವೆಲಿನಲ್ಲಿ ತಮ್ಮ ಕಣ್ಣನ್ನೂ ಒರೆಸಿಕೊಂಡರು.